ಕದಿರಪ್ಪನ ಕಾಲು ತೊಳೆದ ನೀರು

ಮೂರು ಸಾವಿರ ವರ್ಷಗಳಿಂದ ಈ ದೇಶದಲ್ಲಿ ಯಾರಿಗೂ ಅರಗದ ಜಾತಿಯನ್ನು, ಅದರ ಜೊತೆಗೆ ಪ್ರಪಂಚದ ಕಪ್ಪು-ಬಿಳಿ ಜಗಳವನ್ನೂ ಸೇರಿಸಿ, ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ಒಂದೇ ಗುಟುಕಿಗೆ ಕುಡಿದು ಮುಗಿಸಿದವನು ನಾನು. ಕುಡಿದ ಮೇಲೆ ತೇಗಲೂ ಇಲ್ಲ. ನಂಬದವರು ಹಿಂದೂಪುರಕ್ಕೆ ಬಂದು ಕೇಳಬಹುದು; ರೈಲ್ವೆ ಗೇಟಿನಿಂದ ಹುಣಸೆಹಣ್ಣಿನ ಮಾರ್ಕೆಟ್ಟಿನವರೆಗೆ ವಿಜಯಕುಮಾರ್ ಮೇಷ್ಟ್ರು ಎಂದರೆ ಆಟೋದವರು ತಾವಾಗಿಯೇ ಹಾರನ್ ನಿಲ್ಲಿಸಿ ದಾರಿ ಬಿಡುತ್ತಾರೆ. ನನ್ನ ವಿಡಿಯೋವನ್ನು ಎರಡು ಲಕ್ಷ ಜನ ನೋಡಿದ್ದಾರೆ. ಇನ್ನೂರ ಹದಿನಾಲ್ಕು ಎನ್ನುತ್ತಾಳೆ ನನ್ನ ಹೆಂಡತಿ ದಿವ್ಯ. ಅದರಲ್ಲಿ ನಲವತ್ತು ಸಲ ನೀವೇ ನೋಡಿದ್ದು ಎಂದೂ ಸೇರಿಸುತ್ತಾಳೆ. ಮದುವೆಯಾಗಿ ಹದಿನಾರು ವರ್ಷ ಕಳೆದ ಹೆಂಗಸಿಗೆ ಗಂಡನ ವಿಷಯದಲ್ಲಿ ಎಲ್ಲವೂ ಕಡಿಮೆಯಾಗಿಯೇ ಕಾಣುತ್ತದೆ.

ಅದಾದ ಎಂಟನೆಯ ದಿನ, ಎರಡನೇ ಶನಿವಾರ, ಕಲ್ಯಾಣದುರ್ಗದ ಬಸ್ಸಿನಲ್ಲಿ ಕೂತಿದ್ದಾಗ ಮಾತ್ರ ಇಷ್ಟು ದೊಡ್ಡ ಮನುಷ್ಯನಿಗೆ ಇರಬೇಕಾದ ನೆಮ್ಮದಿ ನನಗಿರಲಿಲ್ಲ. ಪಕ್ಕದಲ್ಲಿ ಕದಿರಪ್ಪ ಕೂತಿದ್ದ. ಕದಿರಪ್ಪ ನಮ್ಮ ಕಾಲೇಜಿನ ಅಟೆಂಡರು. ಗಂಟೆ ಹೊಡೆಯುವವನು, ಸ್ಟಾಫ್ ರೂಮಿಗೆ ಕಾಫಿ ತರುವವನು, ಚಾಪೆಲ್ಲಿನಲ್ಲಿ ಮೊದಲ ಮೇಣದಬತ್ತಿ ಹಚ್ಚುವವನು. ಅವತ್ತು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ಹೆಗಲಿಗೆ ಬಿಳಿ ಟವೆಲು. ತೊಡೆಯ ಮೇಲೆ ಒಂದು ಚೀಲವಿತ್ತು, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಸೋಮಂದೇಪಲ್ಲಿಯಲ್ಲಿ ಬಸ್ಸು ನಿಂತಾಗ ಚೀಲದ ಬಾಯಿ ಬಿಚ್ಚಿ ನನಗೆ ತೋರಿಸಿದ. "ಬಾಳೆಹಣ್ಣು ಸಾರ್. ಅಮ್ಮನೋರಿಗೆ. ಸಿಪ್ಪೆ ಇರೋ ಹಣ್ಣೇ ತಂದಿವ್ನಿ, ಬ್ಯಾಡ ಅನ್ನಲ್ಲ ಅಲ್ವಾ?" ನಾನು ಕಿಟಕಿಯ ಕಡೆ ತಿರುಗಿ, ಸಿಪ್ಪೆ ಇರುವ ಹಣ್ಣು ಆರೋಗ್ಯಕ್ಕೆ ಎಷ್ಟು ಒಳ್ಳೆಯದು ಎಂಬುದರ ಬಗ್ಗೆ ಪೆನುಕೊಂಡ ಬರುವವರೆಗೆ ಭಾಷಣ ಮಾಡಿದೆ. ಅವನು ಕೇಳಿದ್ದು ಏನೆಂದು ನನಗೂ ಗೊತ್ತಿತ್ತು, ನಾನು ಹೇಳುತ್ತಿರುವುದು ಏನೆಂದು ಅವನಿಗೂ ಗೊತ್ತಿತ್ತು. ಗೊತ್ತಿಲ್ಲದ ಒಂದೇ ಒಂದು ಸಂಗತಿಯೆಂದರೆ ನಮ್ಮಮ್ಮ ಅವನನ್ನು ಯಾಕೆ ಕರೆದಿದ್ದಾಳೆ ಎಂಬುದು. ಅದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಹೇಳೋಣ ಎಂದುಕೊಂಡು ಹತ್ತಿದ್ದೆ.

ಕಾಲೇಜು ಮಿಷನ್ನಿನದು. ನಾನು ಅಲ್ಲಿ ಕಾಮರ್ಸ್ ಹೇಳುತ್ತೇನೆ. ಬೆಳಿಗ್ಗೆ ಗೇಟಿನ ಹತ್ತಿರ ಹಣೆಯ ವಿಭೂತಿಯನ್ನು ಕರ್ಚೀಫಿನಿಂದ ಅರ್ಧ ಒರೆಸಿಕೊಂಡು ಒಳಗೆ ಹೋಗುವವನು, ಉಳಿದ ಅರ್ಧವನ್ನು ಸಂಜೆ ಕನ್ನಡಿಯಲ್ಲಿ ನೋಡಿ ನಾನು ಯಾರಿಗೂ ಹೆದರುವವನಲ್ಲ ಎಂದುಕೊಳ್ಳುವವನು. ಪ್ರಿನ್ಸಿಪಾಲ್ ರೆವರೆಂಡ್ ಪ್ರಭುದಾಸ್ ಅವರಿಗೆ ಈ ವರ್ಷ ಎಲ್ಲಿಂದಲೋ ಒಂದು ಆಸೆ ಹುಟ್ಟಿತು: 'ವರ್ಣಭೇದ, ವೈವಿಧ್ಯ, ಸಂಧಾನ' ಎಂದು ಒಂದು ದಿನದ ಸಮಾವೇಶ ಆಗಬೇಕು, ದಕ್ಷಿಣ ಆಫ್ರಿಕಾದಿಂದ ಡಾಕ್ಟರ್ ನೊಮ್ಸಾ ಎಂಬವರು ಬಂದು ನಡೆಸಿಕೊಡಬೇಕು. ಸ್ವಾಗತಕ್ಕೆ ಆರು ಜನ ಹುಡುಗಿಯರನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಆರಿಸಿದೆ. ಡಾಕ್ಟರ್ ನೊಮ್ಸಾ ಕಾರಿನಿಂದ ಇಳಿದರು. ನಮ್ಮ ಕಾಲೇಜಿನ ಬಾಗಿಲಿಗೂ ಅವರಿಗೂ ಎತ್ತರದಲ್ಲಿ ಎರಡೇ ಬೆರಳು ವ್ಯತ್ಯಾಸ. ಆರು ಹೂವು ತೆಗೆದುಕೊಂಡರು, ಆರು ಮುಖ ನೋಡಿದರು, ಆಮೇಲೆ ಹಿಂದೆ ನಿಂತಿದ್ದ ಇಡೀ ಕಾಲೇಜಿನ ಮುಖ ನೋಡಿದರು. "ಈ ಆರೂ ಜನ ಒಂದೇ ಮನೆಯ ಅಕ್ಕತಂಗಿಯರೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪ್ರಿನ್ಸಿಪಾಲರು "ಇಲ್ಲ ಇಲ್ಲ, ಬೇರೆ ಬೇರೆ" ಎಂದು ಸಂತೋಷದಿಂದ ನಕ್ಕರು. ನನಗೆ ಮಾತ್ರ ಕಿವಿ ಬಿಸಿಯಾಯಿತು. ತರಗತಿಗೇ ಮೊದಲು ಬರುವ, ನನಗಿಂತ ಚೆನ್ನಾಗಿ ಇಂಗ್ಲಿಷು ಮಾತಾಡುವ ಕೀರ್ತನಾಳನ್ನು, ಅಂದರೆ ಕದಿರಪ್ಪನ ಮಗಳನ್ನು, ಮೈಕಿನ ವೈರು ನೋಡಿಕೊಳ್ಳಲೆಂದು ಪರದೆಯ ಹಿಂದೆ ನಿಲ್ಲಿಸಿದ್ದೆ. ಬಣ್ಣದ ಕಾರಣಕ್ಕಲ್ಲ. ವೈರು ನೋಡಿಕೊಳ್ಳಲು ಬುದ್ಧಿವಂತರೇ ಬೇಕು. ನನ್ನ ಬಣ್ಣವೇನು ಹಾಲಿನ ಬಣ್ಣವಲ್ಲ. ದಿವ್ಯಳ ಮನೆಯವರು ನನ್ನನ್ನು ನೋಡಲು ಬಂದಾಗ ನಮ್ಮಮ್ಮ ನನ್ನನ್ನು ಟ್ಯೂಬ್‌ಲೈಟಿನ ಸರಿಯಾಗಿ ಕೆಳಗೆ ಕೂರಿಸಿ, ಅಣ್ಣ ಅಮರೇಶನನ್ನು ಅಡುಗೆಮನೆಗೆ ಕಳಿಸಿದ್ದಳು, ಅವನು ಪಕ್ಕದಲ್ಲಿದ್ದರೆ ನಾನು ಇನ್ನೂ ಕಪ್ಪಗೆ ಕಾಣುತ್ತೇನೆಂದು.

ಸಭೆ ಶುರುವಾಯಿತು. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು ಡಾಕ್ಟರ್ ನೊಮ್ಸಾ ಹೇಳಿದರು: ನೀವು ಇನ್ನೊಬ್ಬರನ್ನು ಚಿಕ್ಕವರನ್ನಾಗಿ ಮಾಡಿದ ಒಂದು ಸಂದರ್ಭ ಬರೆಯಿರಿ, ಹೆಸರು ಬೇಡ. ಹತ್ತು ನಿಮಿಷ ಇಡೀ ಹಾಲಿನಲ್ಲಿ ಪೆನ್ನುಗಳ ಸದ್ದು. ಅವರು ಚೀಟಿಗಳನ್ನು ಒಂದೊಂದಾಗಿ ಓದಿದರು. ಬೆಂಗಳೂರಿನಲ್ಲಿ ಮಾಂಸ ತಿನ್ನುತ್ತೀಯ ಎಂದು ಒಬ್ಬರಿಗೆ ಮನೆ ಕೊಡಲಿಲ್ಲ. ಕನ್ನಡದವರು ಒಬ್ಬರ ತೆಲುಗನ್ನು ಕೇಳಿ ನಕ್ಕರು. ತೆಲುಗಿನವರು ಇನ್ನೊಬ್ಬರ ಕನ್ನಡವನ್ನು ಕೇಳಿ ನಕ್ಕರು. ಒಬ್ಬರನ್ನು ಕಪ್ಪು ಎಂದು ಮೂರು ಗಂಡುಗಳು ಬೇಡವೆಂದರು. ಮತ್ತೊಬ್ಬರನ್ನು ಲಂಡನ್ ವಿಮಾನನಿಲ್ದಾಣದಲ್ಲಿ ಬಿಳಿಯನೊಬ್ಬ ತಳ್ಳಿದ. ಆ ಕೊನೆಯದು ನನ್ನದು; ನಾನು ವಿಮಾನವನ್ನು ದೇವನಹಳ್ಳಿಯ ಹೊರಗಡೆ ಟೀ ಅಂಗಡಿಯಿಂದ ನೋಡಿದ್ದೇನೆ, ಆದರೆ ತಳ್ಳಿಸಿಕೊಳ್ಳಲು ಟಿಕೆಟ್ಟು ಬೇಕೇಬೇಕು ಅಂತ ಏನಿಲ್ಲ. ಎಲ್ಲ ಓದಿ ಮುಗಿಸಿ ಡಾಕ್ಟರ್ ನೊಮ್ಸಾ ಕನ್ನಡಕ ತೆಗೆದರು. "ಇಪ್ಪತ್ತೆಂಟು ಜನ ಏಟು ತಿಂದವರೇ ಇದ್ದೀರಿ. ಕೊಟ್ಟವರು ಎಲ್ಲಿ? ಅವರೆಲ್ಲ ಇವತ್ತು ರಜೆ ಹಾಕಿದ್ದಾರೆಯೇ?" ಎಂದರು. ಹಿಂದಿನ ಸಾಲಿನಲ್ಲಿ ಟ್ರೇ ಹಿಡಿದು ನಿಂತಿದ್ದ ಕದಿರಪ್ಪನಿಗೆ ಚೀಟಿ ಕೊಟ್ಟಿರಲಿಲ್ಲ ಎಂಬುದನ್ನು ಅವರೇ ಗಮನಿಸಿ, ಇವರ ಚೀಟಿ ಎಲ್ಲಿ ಎಂದು ಕೇಳಿದರು. ಕದಿರಪ್ಪ ಪ್ರಿನ್ಸಿಪಾಲರ ಮುಖ ನೋಡಿದ, ಟ್ರೇಯಲ್ಲಿದ್ದ ಲೋಟಗಳ ಕಡೆ ನೋಡಿದ. "ಕಾಫಿ ಆರೋಯ್ತದೆ ಮೇಡಂ," ಎಂದ.

ಏಸು ತನ್ನ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ಗುಡ್‌ಫ್ರೈಡೆಯ ಹಿಂದಿನ ದಿನ ನಮ್ಮ ಚಾಪೆಲ್ಲಿನಲ್ಲಿ ಕಾಲು ತೊಳೆಯುವ ಶಾಸ್ತ್ರ ನಡೆಯುತ್ತದೆ. ಸಭೆ ಕೈಬಿಟ್ಟು ಹೋಗುತ್ತಿರುವುದನ್ನು ಕಂಡ ಪ್ರಿನ್ಸಿಪಾಲರಿಗೆ ಅದು ಹೊಳೆಯಿತು. ಒಬ್ಬರು ಇನ್ನೊಬ್ಬರ ಕಾಲು ತೊಳೆಯೋಣ, ಅಟೆಂಡರು, ವಾಚ್‌ಮನ್ನು, ಅತಿಥಿಗಳು ಎಲ್ಲರೂ ಸೇರಿ. ಯಾರಿಗೆ ಯಾರೆಂದು ಚೀಟಿ ಎತ್ತೋಣ. ಲೈಬ್ರರಿಯನ್ನನ ಹೆಲ್ಮೆಟ್ಟಿಗೆ ಹೆಸರಿನ ಚೀಟಿಗಳನ್ನು ಹಾಕಿದರು. ಆಗ ಹಾಲಿನಲ್ಲಿ ಒಂದು ಉತ್ಸಾಹ ಬಂತು, ಅದನ್ನು ಹೇಗೆ ವರ್ಣಿಸಲಿ, ಇಡೀ ಹಿಂದೂಪುರದ ಪಾಪಪ್ರಜ್ಞೆ ಒಂದೇ ಜೊತೆ ಪಾದಗಳ ಮೇಲೆ ಬಂದು ಕೂತಿತು. ಎಲ್ಲರಿಗೂ ಡಾಕ್ಟರ್ ನೊಮ್ಸಾ ಅವರ ಕಾಲೇ ಬೇಕು. ಅಲ್ಲಿನ ಬಿಳಿಯರು ಮಾಡಿದ ಅನ್ಯಾಯಕ್ಕೆ ಇಲ್ಲಿ ಕೂತು ಕಾಲು ತೊಳೆಯುವುದು ಎಂದರೆ ಎಂಥ ಹಗುರ, ಎಂಥ ಒಳ್ಳೆಯ ಫೋಟೋ. ನಾನು ಚೀಟಿ ಮಡಿಚುವ ನೆಪದಲ್ಲಿ ಅವರ ಹೆಸರಿನ ಚೀಟಿಯ ಮೂಲೆಯನ್ನು ಒಂದಿಷ್ಟು ತಿರುಚಿ ಬಿಟ್ಟಿದ್ದೆ. ನನ್ನ ಸರದಿ ಬಂದಾಗ ಹೆಲ್ಮೆಟ್ಟಿಗೆ ಕೈ ಹಾಕಿದೆ. ಮೂಲೆ ತಿರುಚಿದ ಚೀಟಿಗಳು ಒಟ್ಟು ಏಳು ಸಿಕ್ಕವು. ಅಷ್ಟರಲ್ಲಿ ನನ್ನ ಹಿಂದೆ ನಿಂತಿದ್ದ ವ್ಯಾಯಾಮದ ಮೇಷ್ಟ್ರು ಬಸವೇಶ್, "ಏನ್ ಸಾರ್, ಒಳಗೇ ಇದ್ದುಬಿಡ್ತೀರ?" ಎಂದದ್ದರಿಂದ ಕೈಗೆ ಬಂದದ್ದನ್ನು ಎಳೆದೆ. ಕದಿರಪ್ಪ. ಬಸವೇಶ್ ನನ್ನ ಭುಜದ ಮೇಲಿಂದ ಓದಿ ಕಿವಿಯಲ್ಲಿ ಹೇಳಿದ: "ಹನ್ನೊಂದು ವರ್ಷ ಅವನ ಕೈ ಕಾಫಿ ಕುಡಿದ್ರಿ, ಇವತ್ತು ಕಾಲಿಗೂ ನಮಸ್ಕಾರ ಮಾಡ್ಬುಡಿ ಸಾರ್."

ಹನ್ನೊಂದು ವರ್ಷ. ಕದಿರಪ್ಪ ಕೆಲಸಕ್ಕೆ ಸೇರಿದ ಮೊದಲನೇ ವಾರ ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದ್ದಾಗ ನನ್ನ ಮುಂದೆ ಲೋಟ ಇಟ್ಟು, ಮುಖ ಅರಳಿಸಿ, "ಸಾರ್, ನೀವು ಕಲ್ಯಾಣದುರ್ಗದ ಸೋಮಶೇಖರಪ್ಪನೋರ ಮಗ ಅಲ್ವಾ? ನಮ್ಮವ್ವ ಓಬಮ್ಮ..." ಎಂದು ಶುರುಮಾಡಿದ್ದ. ಓಬಮ್ಮ. ಬೆಳಗಾಗುವ ಮುಂಚೆ ನಮ್ಮ ಹಿತ್ತಲಿಗೆ ಬಂದು, ಕೊಟ್ಟಿಗೆ ಬಳಿದು, ಅಂಗಳ ಗುಡಿಸಿ, ಹಿತ್ತಲ ಬಾಗಿಲಿನಿಂದ ಐದು ಹೆಜ್ಜೆ ದೂರದಲ್ಲಿ ಸೆರಗು ಒಡ್ಡಿ ನಿಲ್ಲುತ್ತಿದ್ದ ಓಬಮ್ಮ. ಮೇಲಿನಿಂದ ಆ ಸೆರಗಿಗೆ ರೊಟ್ಟಿ ಬೀಳಿಸುತ್ತಿದ್ದ ಕೈ ಒಮ್ಮೊಮ್ಮೆ ನನ್ನದೇ. ಇಪ್ಪತ್ತು ಜನರ ಮುಂದೆ ನಮ್ಮ ಮನೆಯ ಹಿತ್ತಲ ಬಾಗಿಲನ್ನೇ ಅವನು ತೆರೆದಿಟ್ಟಂತೆ ಆಯಿತು ನನಗೆ. "ಇಲ್ಲಪ್ಪ, ನಮ್ದು ಬೆಳುಗುಪ್ಪ," ಎಂದುಬಿಟ್ಟೆ. ಅವನು "ಸರೇ ಸಾರ್," ಎಂದು ಟ್ರೇ ಎತ್ತಿಕೊಂಡು ಹೋದ. ಅವತ್ತಿನಿಂದ ನಾನು ಬೆಳುಗುಪ್ಪದವನು. ಬೆಳುಗುಪ್ಪದಲ್ಲಿ ನನಗೊಂದು ತೋಟ ಇದೆ, ಎಳನೀರಿಗಿಂತ ಸಿಹಿಯಾದ ನೀರಿನ ಬಾವಿ ಇದೆ, ಆ ಬಾವಿಯ ನೀರು ಕುಡಿಯಲು ಕಲೆಕ್ಟರು ಜೀಪು ನಿಲ್ಲಿಸುತ್ತಿದ್ದ. ಬೆಳುಗುಪ್ಪದವರು ಯಾರಾದರೂ ಕಾಲೇಜಿಗೆ ಬಂದರೆ ನನಗೆ ಅವತ್ತು ಹೊಟ್ಟೆನೋವು. ಕದಿರಪ್ಪ ಮಾತ್ರ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಆ ಬಾವಿಯ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ.

ಚಾಪೆಲ್ಲಿನಲ್ಲಿ ಸಾಲಾಗಿ ಕುರ್ಚಿಗಳು, ಮುಂದೆ ತಟ್ಟೆ, ಚೊಂಬು. ಪ್ರಿನ್ಸಿಪಾಲರು ಕೂತವರಿಗೆಲ್ಲ ಶಾಲು ಹೊದಿಸಿದ್ದರು. ಶಾಲು ಹೊದ್ದು, ಬಿಳಿ ಅಂಗಿ, ನರೆತ ಗಡ್ಡದ ಕದಿರಪ್ಪ ನೆಟ್ಟಗೆ ಕೂತು ಚಾವಣಿ ನೋಡುತ್ತಿದ್ದ. ನಾನು ಮಂಡಿಯೂರಿದೆ. ಅವನ ಬಲಗಾಲು ತಟ್ಟೆಗೆ ಇಟ್ಟುಕೊಂಡೆ, ನೀರು ಬಿಟ್ಟೆ. ಬೆರಳುಗಳ ಸಂದಿ, ಹಿಮ್ಮಡಿಯ ಬಿರುಕು, ತಣ್ಣಗಿನ ನೀರು, ಸ್ಟೀಲು ತಟ್ಟೆಗೆ ಬೀಳುವ ಸದ್ದು. ಆ ಸದ್ದು ನನಗೆ ಹೊಸದಲ್ಲ. ಶ್ರಾವಣದ ಸೋಮವಾರ ನಮ್ಮ ಮನೆಗೆ ಮಠದ ಅಯ್ಯನವರು ಬಂದರೆ ಅಪ್ಪ ಹೀಗೇ ಮಂಡಿಯೂರಿ ಕೂರುತ್ತಿದ್ದರು, ಅಮ್ಮ ಚೊಂಬು ಬಗ್ಗಿಸುತ್ತಿದ್ದಳು, ಅಯ್ಯನವರ ಪಾದದಿಂದ ಇಳಿದ ನೀರು ತಟ್ಟೆಯಲ್ಲಿ ನಿಲ್ಲುತ್ತಿತ್ತು, ನಾನು, ಅಮರೇಶ, ಸಾಲಾಗಿ ನಿಂತು ಬಲ ಅಂಗೈ ಗುಳಿ ಮಾಡಿ ಒಡ್ಡುತ್ತಿದ್ದೆವು. ಸದ್ದಾಗುವಂತೆ ಒಂದು ಗುಟುಕು, ಉಳಿದದ್ದು ಕಣ್ಣಿಗೆ, ನೆತ್ತಿಗೆ. ತಡಮಾಡಿದರೆ ಅಪ್ಪನ ಮೊಣಕೈ ಪಕ್ಕೆಗೆ. ಪಾದ ತೊಳೆದ ಮೇಲೆ ಏನು ಮಾಡಬೇಕೆಂಬುದು ನನ್ನ ತಲೆಗೆ ಗೊತ್ತಿರುವುದಲ್ಲ, ಕೈಗೆ ಗೊತ್ತಿರುವುದು. ಆ ಕೈಗೆ ಯಾರ ಪಾದ ಎಂದು ಕೇಳುವ ಅಭ್ಯಾಸವಿಲ್ಲ. ನಾನು ಅಪ್ಪನ ಮೊಣಕೈಯನ್ನು ನೆನೆಯುತ್ತಿದ್ದೆ, ಅಷ್ಟೆ. ನೋಡಿದರೆ ನನ್ನ ಬಲಗೈ ತಾನಾಗಿ ತಟ್ಟೆಗೆ ಇಳಿದು, ಗುಳಿ ತುಂಬಿಕೊಂಡು, ಬಾಯಿಗೆ ಬಂದಿತ್ತು. ಉಳಿದದ್ದನ್ನು ಕಣ್ಣಿಗೂ ನೆತ್ತಿಗೂ ಹಚ್ಚಿಯೂ ಬಿಟ್ಟಿತ್ತು.

ಕದಿರಪ್ಪನ ಕಾಲು ತಟ್ಟೆಯಲ್ಲಿ ಒಮ್ಮೆ ನಡುಗಿತು. ಪಕ್ಕದ ಕುರ್ಚಿಯಲ್ಲಿದ್ದ ಡಾಕ್ಟರ್ ನೊಮ್ಸಾ ಎದ್ದು ನಿಂತು ಅಳತೊಡಗಿದರು. ಪ್ರಿನ್ಸಿಪಾಲರು ಓಡಿಬಂದು ನನ್ನನ್ನು ಎತ್ತಿ ತಬ್ಬಿಕೊಂಡು, "ವಿಜಯಕುಮಾರ್ ಗಾರು, ಮೀರು ಚರಿತ್ರ ಸೃಷ್ಟಿಂಚಾರು!" ಎಂದು, ನೀವು ಚರಿತ್ರೆ ಸೃಷ್ಟಿಸಿದಿರಿ ಎಂದು, ತೆಲುಗಿನಲ್ಲಿ ಕೂಗಿದರು. ಚಪ್ಪಾಳೆಗೆ ಚಾಪೆಲ್ಲಿನ ಗಂಟೆ ತಾನಾಗಿ ಹೊಡೆದುಕೊಂಡಿತೆಂದು ನಾನು ಹೇಳುತ್ತಾ ಬಂದಿದ್ದೇನೆ. ಅಲ್ಲೂ ಮೈಕಿನ ವೈರಿಗೇ ನಿಲ್ಲಿಸಿದ್ದ ಕೀರ್ತನಾ ಎಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದಳು. ಮುಂದಿನ ತಿಂಗಳು ಬಿಷಪ್ಪರ ಧರ್ಮಪ್ರಾಂತದ ಸಭೆಯಲ್ಲಿ ನಾನು ಸಾಕ್ಷಿ ಹೇಳಬೇಕೆಂದು ಗೊತ್ತಾಯಿತು. ಸಂಜೆಯ ಹೊತ್ತಿಗೆ ನಾನು ಅದನ್ನು ಆರು ತಿಂಗಳಿನಿಂದ ಯೋಚಿಸಿ, ಧ್ಯಾನಿಸಿ ಮಾಡಿದೆನೆಂದು ನನಗೇ ನಂಬಿಕೆ ಬಂದಿತ್ತು. ವಿಡಿಯೋವನ್ನು ನನ್ನ ಫೋನಿನಲ್ಲಿದ್ದ ಎಲ್ಲರಿಗೂ ಕಳಿಸಿದೆ, ಗ್ಯಾಸ್ ಸಿಲಿಂಡರಿನವನಿಗೂ ಸೇರಿಸಿ. ಆ ಎಲ್ಲರಲ್ಲಿ ನಮ್ಮಮ್ಮ ಗುರುಶಾಂತಮ್ಮನೂ ಇದ್ದಾಳೆಂಬುದು ಹೊಳೆದದ್ದು ಅವಳ ಫೋನು ಬಂದಾಗ.

"ವಿಜೀ, ನೋಡ್ದೆ ಕಣಪ್ಪ, ನೋಡಿ ಕಣ್ಣಾಗ್ ನೀರು ಬಂತು," ಅಂದಳು ಅಮ್ಮ. ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು. "ಯಾವ ಮಠದ ಅಯ್ಯನೋರೋ ಅವ್ರು? ಶಾಲು ಹೊದ್ಕಂಡು ಕೂತವ್ರೆ, ಮುಖದಾಗೆ ಎಂಥಾ ಕಳೆ! ಕಿರಿಸ್ತಾನರ ಕಾಲೇಜಿಗೆ ಹೋಗಿ ಕೆಟ್ಟೋದ ಅಂತಿದ್ದೆ ನಿನ್ನ. ಅಲ್ಲಿಗೇ ಅಯ್ಯನೋರ್ನ ಕರ್ಸಿ ಪಾದಪೂಜೆ ಮಾಡಿದ್ಯಲ್ಲ!"

ಆಗ ಹೇಳಬಹುದಿತ್ತು. ನಾಲ್ಕೇ ಮಾತು. ಆದರೆ ನಾನು ಹುಟ್ಟಿದಾಗಿನಿಂದ ನಮ್ಮಮ್ಮ ನನ್ನ ವಿಷಯದಲ್ಲಿ ಹೀಗೆ ದನಿ ನಡುಗಿಸಿ ಮಾತಾಡಿದ್ದು ಅದೇ ಮೊದಲು, ಹೊಗಳಿಕೆಯ ಪಾಲೆಲ್ಲ ಅಂಗಡಿ ನಡೆಸುವ ಅಮರೇಶನಿಗೆ. "ದೊಡ್ಡೋರಮ್ಮ," ಎಂದೆ. "ಸುಮ್ನೆ ಯಾರ ಮನೇಗೂ ಕಾಲಿಡೋರಲ್ಲ."

"ನಮ್ಮನೇಗ್ ಬರಾಕಿಲ್ವೇನೋ?"

"ನಾನು ಕರೆದ್ರೆ ಬತ್ತಾರೆ," ಎಂದಿತು ನನ್ನ ಬಾಯಿ.

ಮರುದಿನವೇ ಕದಿರಪ್ಪನನ್ನು ಕಾರಿಡಾರಿನಲ್ಲಿ ನಿಲ್ಲಿಸಿ, "ನೀನು ಎರಡನೇ ಶನಿವಾರ ಕಲ್ಯಾಣದುರ್ಗಕ್ಕೆ ನಿಮ್ಮವ್ವನ್ನ ನೋಡೋಕೆ ಹೋಗ್ತೀಯಲ್ಲ, ನಾನೂ ಬರ್ತೀನಿ, ಅಲ್ಲಿ ನಮ್ಮ... ನಮ್ಮ ಸಂಬಂಧಿಕರ ಮನೆ ಇದೆ, ಊಟಕ್ಕೆ ಬಾ, ಆ ಅಮ್ಮ ವಿಡಿಯೋ ನೋಡಿ ನಿನ್ನ ಕರೆದಿದ್ದಾರೆ," ಎಂದೆ. ಕದಿರಪ್ಪ ಗಂಟೆಯ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ನನ್ನನ್ನೇ ನೋಡಿದ. "ಗುರುಶಾಂತಮ್ಮನೋರಾ ಸಾರ್? ನನ್ನ? ಹೆಸರು ಹಿಡಿದು ಕರೆದ್ರಾ?" ಎಂದ. ನಾನು ತಲೆಯಾಡಿಸಿದೆ. ಅವನು ಅವತ್ತು ಮೂರನೇ ಪೀರಿಯಡ್ಡಿನ ಗಂಟೆಯನ್ನು ಏಳು ನಿಮಿಷ ಮುಂಚೆ ಹೊಡೆದ. ಹನ್ನೊಂದು ವರ್ಷದಲ್ಲಿ ಅವನು ಮಾಡಿದ ಒಂದೇ ತಪ್ಪು ಅದು.

ಬಸ್ಸು ಕಂಬದೂರು ದಾಟಿತು. ಕುರಿ ಹಿಂಡೊಂದು ರಸ್ತೆಗೆ ಅಡ್ಡ ಬಂದು ಡ್ರೈವರು ಇಂಜಿನ್ ನಿಲ್ಲಿಸಿದ; ಆ ನಿಶ್ಶಬ್ದದಲ್ಲಿ ಹೇಳಿಬಿಡಬೇಕು ಎಂದುಕೊಂಡೆ. ಕದಿರಪ್ಪಾ, ಅಮ್ಮ ನಿನ್ನನ್ನು ಕರೆದಿಲ್ಲ, ಯಾವುದೋ ಮಠದ ಅಯ್ಯನವರನ್ನು ಕರೆದಿದ್ದಾಳೆ, ನೀನು ಬಸ್‌ಸ್ಟ್ಯಾಂಡಿನಿಂದ ನೆಟ್ಟಗೆ ನಿಮ್ಮವ್ವನ ಮನೆಗೆ ಹೋಗು, ನಾನು ಅಯ್ಯನವರಿಗೆ ಜ್ವರ ಅನ್ನುತ್ತೇನೆ. ಕುರಿಗಳು ಹತ್ತು ಸಾವಿರ ಇದ್ದವು, ಸಾಕಷ್ಟು ಸಮಯವಿತ್ತು. ಕದಿರಪ್ಪ ಕುರಿಗಳನ್ನು ನೋಡುತ್ತ, "ನಮ್ಮವ್ವಂಗೆ ಫೋನ್ ಮಾಡಿ ಹೇಳ್ದೆ ಸಾರ್. ನಂಬಾಕಿಲ್ಲ ಅಂದ್ಲು. ಮುಂದಿನ ಬಾಗ್ಲಾಗೆ ಹೋಯ್ತೀಯೋ ಹಿಂದಿನ ಬಾಗ್ಲಾಗೆ ಹೋಯ್ತೀಯೋ ಅಂತ ಕೇಳಿದ್ಲು," ಎಂದು ಸಣ್ಣಗೆ ನಕ್ಕ. ಡ್ರೈವರು ಇಂಜಿನ್ ಶುರುಮಾಡಿದ. "ನೀವು ಬೆಳುಗುಪ್ಪದೋರು ಅಂದಿದ್ದನ್ನ ಅವ್ವಂಗೆ ಹೇಳಿಲ್ಲ ಸಾರ್," ಎಂದೂ ಸೇರಿಸಿದ, ನನ್ನ ಕಡೆ ನೋಡದೆ.

ಅಮರೇಶ, ಹೆಂಡತಿ ಮಕ್ಕಳ ಜೊತೆ ಮದುವೆಗೆ ಹೋಗಿದ್ದ. ಮನೆಯಲ್ಲಿ ಅಮ್ಮ ಒಬ್ಬಳೇ. ಗೇಟು ತೆಗೆದು ಒಳಗೆ ಹೋದ ಕೂಡಲೇ ಕದಿರಪ್ಪನ ಕಾಲುಗಳು ತಾವಾಗಿ ಎಡಕ್ಕೆ, ಹಿತ್ತಲಿಗೆ ಹೋಗುವ ಓಣಿಗೆ ತಿರುಗಿದವು. ಅವನಿಗೂ ಅದು ತಿಳಿಯಲಿಲ್ಲ. "ಈ ಕಡೆ," ಎಂದು ತೋಳು ಹಿಡಿದೆ. ಮುಂಬಾಗಿಲಲ್ಲಿ ರಂಗೋಲಿ ಇತ್ತು. ರೇಷ್ಮೆ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಇಟ್ಟುಕೊಂಡ ಅಮ್ಮ ಕೈಮುಗಿದು ಬಾಗಿದಳು. "ಬರ್ರಿ ಅಯ್ಯಾ, ಬರ್ರಿ. ನಮ್ ಭಾಗ್ಯ." ಕದಿರಪ್ಪ ಹಿಂದೆ ತಿರುಗಿ ಯಾರು ಬಂದರೆಂದು ನೋಡಿದ. ಯಾರೂ ಇರಲಿಲ್ಲ. ಅವನ ಮುಖದಲ್ಲಿ ಹೆದರಿಕೆ, ನಾಚಿಕೆ, ಅವೆರಡರ ಕೆಳಗೆ ಒಂದು ಸಂತೋಷ. ಆ ಸಂತೋಷವನ್ನು ನೋಡದಿದ್ದರೆ ಚೆನ್ನಾಗಿತ್ತು. ಬಾಳೆಹಣ್ಣಿನ ಚೀಲವನ್ನು ಅವಳಿಗೆ ಕೊಡಲು ಹೋದ. ಅವಳು ಎರಡೂ ಕೈಯಲ್ಲಿ ಪ್ರಸಾದದ ಹಾಗೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

ಅವನನ್ನು ಮಣೆಯ ಮೇಲೆ ಕೂರಿಸಿ ಅಮ್ಮ ತಟ್ಟೆ ಎಳೆದಳು. ಮೊಣಕಾಲು ನೋವಿನವಳು, ಗೋಡೆ ಹಿಡಿದು ಕೂತಳು. ಅವನ ಕಾಲಿಗೆ ಕೈ ಹಾಕಿದಾಗ ಕದಿರಪ್ಪ ಬೆಚ್ಚಿದ. "ಅಮ್ಮಾ, ಇದೇನ್ ಮಾಡ್ತಿದ್ದೀರ, ಸಾರ್, ಇದೇನ್ ಸಾರ್?" ನಾನು, "ಸುಮ್ನೆ ಕೂತ್ಕೋ," ಎಂದೆ, ಅಮ್ಮ ನನ್ನನ್ನು ಸುಡುವ ಹಾಗೆ ನೋಡಿದಳು, "ಕೂತ್ಕೊಳ್ಳಿ," ಎಂದು ತಿದ್ದಿಕೊಂಡೆ. ಹನ್ನೊಂದು ವರ್ಷದಲ್ಲಿ ಅವನಿಗೆ ನಾನು ಬಹುವಚನ ಕೊಟ್ಟದ್ದು ಅದೇ ಮೊದಲು. ಅವನು ತಿರುಗಿ ನನ್ನ ಮುಖ ನೋಡಿದ, ನೋಡುತ್ತಲೇ ಇದ್ದ. ಅಮ್ಮ ನೀರು ಬಿಟ್ಟಳು, ಬೆರಳಿನಿಂದ ಹಿಮ್ಮಡಿ ಉಜ್ಜಿದಳು, ವಿಭೂತಿ ಹಚ್ಚಿದಳು. "ಯಾವ ಮಠ ಅಂದ್ರಿ ಅಯ್ಯಾ? ಇವ್ನು ಸರಿಯಾಗಿ ಹೇಳಾಕಿಲ್ಲ." ಕದಿರಪ್ಪನ ಮುಖದಲ್ಲಿದ್ದ ಆ ಸಂತೋಷ ಆಗ ಆರಿತು. ಹೇಗೆಂದರೆ, ಕರೆಂಟು ಹೋದಾಗ ಫ್ಯಾನು ಕೂಡಲೇ ನಿಲ್ಲುವುದಿಲ್ಲವಲ್ಲ, ಹಾಗೆ, ನಿಧಾನವಾಗಿ. ಅವನು ಕಾಲನ್ನು ಎಳೆದುಕೊಂಡ. ಅಷ್ಟರಲ್ಲಿ ಅಮ್ಮನ ಅಂಗೈ ತುಂಬಿ ಬಾಯಿಗೆ ಹೋಗಿತ್ತು. ಗುಟುಕಿನ ಸದ್ದು ನನಗೆ ಕೇಳಿಸಿತು. ಸುಕ್ಕುಗಟ್ಟಿದ ಗಂಟಲು ಮೇಲೆ ಕೆಳಗೆ ಆಡಿದ್ದೂ ಕಾಣಿಸಿತು.

"ಅಮ್ಮಾ," ಎಂದ ಕದಿರಪ್ಪ, ಎದ್ದು ನಿಂತು. "ನಾನು ಯಾವ ಮಠದೋನೂ ಅಲ್ಲ. ನಿಮ್ ಕೊಟ್ಟಿಗೆ ಬಳೀತಿದ್ದ ಓಬಮ್ಮನ ಮಗ, ಕದಿರ. ಸಾರು ಹೇಳವ್ರೆ ಅನ್ಕಂಡಿದ್ದೆ."

ಅಮ್ಮನ ಕೈ ಕಣ್ಣಿಗೆ ಹೋಗುವುದು ಅರ್ಧದಲ್ಲೇ ನಿಂತಿತು. ಅಂಗೈಯಿಂದ ನೀರು ಮೊಣಕೈಗೆ ಇಳಿಯುತ್ತಿತ್ತು. ಅವಳು ಬಾಯಿ ಒರೆಸಿಕೊಳ್ಳಲು ಸೆರಗು ಎತ್ತಿದಳು, ಒರೆಸಿಕೊಳ್ಳಲಿಲ್ಲ, ಸೆರಗನ್ನು ಹಾಗೇ ಹಿಡಿದುಕೊಂಡಳು. ಆಮೇಲೆ ಆಪರೇಷನ್ ಆದ ಕಣ್ಣನ್ನು ಕಿರಿದು ಮಾಡಿ ಅವನನ್ನೇ ನೋಡಿ, "ಓಬಮ್ಮನ ಮಗನಾ? ಅವ್ಳ ಮೂಗೇ ಐತೆ ಕಣಪ್ಪ ನಿಂಗೆ," ಎಂದಳು. "ಸೊಂಟ ಹಿಡ್ಕಂಡೈತೆ ಅಂತಿದ್ಲು, ಹೆಂಗವ್ಳೆ?"

"ಹಂಗೇ ಅವ್ಳೆ ಅಮ್ಮ."

"ಅಮರೇಶಂಗೆ ಹೇಳ್ಬ್ಯಾಡ," ಎಂದಳು ನನಗೆ. ಮತ್ತೆ ತಟ್ಟೆಯ ನೀರನ್ನು ನೋಡಿದಳು. ನೆಲದ ಮೇಲೇ ಕೂತಿದ್ದ ಅವಳು ನನ್ನ ಕಡೆಗೆ ಕೈ ಚಾಚಿ, ನನ್ನ ಪ್ಯಾಂಟಿನ ಕಾಲನ್ನು ಹಿಡಿದುಕೊಂಡಳು. "ಹಂಗಾರೆ ನೀನು ಗೊತ್ತಿದ್ದೂ ಕುಡ್ದೆ ಅಲ್ವೇನೋ ವಿಜಿ? ಓಬಮ್ಮನ ಮಗ ಅಂತ ಗೊತ್ತಿದ್ದೂ? ಅಷ್ಟು ಜನದ ಮುಂದೆ?" ಅವಳ ಮುಖ ಸ್ವಲ್ಪ ಸ್ವಲ್ಪವಾಗಿ ಗಟ್ಟಿಯಾಯಿತು. "ಸರಿ ಬಿಡು. ನನ್ ಮಗ ಕುಡ್ದು ಎಂಟು ದಿನ ಆಯ್ತು, ಏನೂ ಆಗಿಲ್ಲ. ನೀನು ಓದ್ದೋನು, ತಿಳ್ದು ಕುಡ್ದಿದ್ದೀಯ. ನಾನು ತಿಳೀದೆ ಕುಡ್ದೆ. ಇಬ್ರೂ ಕುಡ್ದಂಗಾಯ್ತಲ್ಲ. ಅಲ್ವೇನಪ್ಪ ಕದಿರ? ಇವ್ನು ಕುಡುದ್ನಲ್ಲ ನಿನ್ ಕಾಲಿನ ನೀರ್ನ? ನೀನೇ ಕಂಡಿದ್ದೀಯಲ್ಲ?"

ಕದಿರಪ್ಪ ಟವೆಲಿನಿಂದ ತನ್ನ ಕಾಲನ್ನು ಒರೆಸಿಕೊಳ್ಳುತ್ತಿದ್ದ. ವಿಭೂತಿ ಹೋಗದಂತೆ ಸುತ್ತಲೂ ಒರೆಸುತ್ತಿದ್ದ. ತಲೆ ಎತ್ತಲಿಲ್ಲ.

"ಸಾರನ್ನೇ ಕೇಳಮ್ಮ," ಎಂದ.

ಅಮ್ಮ ನನ್ನನ್ನು ನೋಡಿದಳು. ಒಂದು 'ಹೂಂ' ಸಾಕಿತ್ತು. ನನ್ನ ಜೀವನದಲ್ಲಿ ಲಕ್ಷಾಂತರ 'ಹೂಂ' ಹೇಳಿದವನಿಗೆ ಅದೇನು ಕಷ್ಟವಲ್ಲ. ಹೇಳಿದ್ದರೆ ಅವಳಿಗೆ ಒಬ್ಬ ಜೊತೆಯವನು ಸಿಗುತ್ತಿದ್ದ, ನನಗೆ ಧರ್ಮಪ್ರಾಂತದ ಸಭೆ ಇರುತ್ತಿತ್ತು. ಆದರೆ ಅವನು ಒರೆಸುತ್ತಲೇ ಇದ್ದ, ಒಣಗಿದ ಕಾಲನ್ನು ಮತ್ತೆ ಮತ್ತೆ.

"ನುಂಗಲಿಲ್ಲ ಕಣಮ್ಮ," ಎಂದೆ. "ಕೈ ಬಾಯಿಗೆ ಬಂದಿದ್ದು ನಿಜ. ಬಾಯಿಗೆ ಬಂದ ಮೇಲೆ ಯಾರ ಕಾಲು ಅಂತ ನೆನಪಾಯ್ತು. ಕೆನ್ನೇಲೇ ಇಟ್ಕೊಂಡಿದ್ದೆ. ಪ್ರಿನ್ಸಿಪಾಲರು ಮೈಕ್ ಕೊಟ್ಟು ಎರಡು ಮಾತಾಡಿ ಅಂದ್ರು, ತಲೆ ಅಲ್ಲಾಡಿಸ್ದೆ, ಬಾಯಿ ತುಂಬಿತ್ತು. ಎಷ್ಟು ವಿನಯ ಅಂತ ಚಪ್ಪಾಳೆ ಹೊಡೆದ್ರು. ಆಮೇಲೆ ಚಾಪೆಲ್ಲಿನ ಹಿಂದಿನ ನಲ್ಲಿ ಹತ್ರ ಓಡಿಹೋಗಿ ಉಗಿದೆ. ಇವನು ತಟ್ಟೆಯ ನೀರು ಚೆಲ್ಲೋಕೆ ಅಲ್ಲಿಗೇ ಬಂದ. ನೋಡಿದ. ನಾನು ನಲ್ಲಿ ನಿಲ್ಲಿಸೋದು ಮರೆತು ಹೋದೆ, ಇವನೇ ನಿಲ್ಲಿಸಿದ."

ಅಮ್ಮ ನನ್ನ ಪ್ಯಾಂಟಿನ ಕಾಲನ್ನು ಬಿಟ್ಟಳು.

"ನಾಲ್ಕು ಸಲ ಬಾಯಿ ಮುಕ್ಕಳಿಸಿದೆ," ಎಂದೆ. ಇಷ್ಟು ಹೊತ್ತು ನಾನು ನನ್ನ ಬಗ್ಗೆ ಹೇಳಿಕೊಂಡ ಅಂಕಿಗಳಲ್ಲಿ ಎಳ್ಳಷ್ಟೂ ಹೆಚ್ಚು ಮಾಡದೆ ಹೇಳಿದ್ದು ಅದೊಂದೇ.